ಬಲತುದಿಯ ಎಲೆ

ನನ್ನ ಮೊಮ್ಮಗಳು ತೊಟ್ಟಿಲೇರಿದಳು! ನಿನ್ನೆ ಹಗಲು, ನಮ್ಮ ನಡುಮನೆಯಲ್ಲಿ, ನನ್ನ ಎರಡು ಕಣ್ಣೆದುರಿಗೆ, ಏರಬೇಕಾದ ಹಾಗೆಯೇ ಏರಿದಳು.

ತಲೆ ತುಂಬ ಕೂದಲು. ಹಣೆ ನನ್ನದು. ಮೂಗು ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ, ಬೆಳೆಯಲಿ ನೋಡೋಣ. ಅತ್ತರೆ ಕೆಳಗಿನ ಗದ್ದೆಯಲ್ಲಿ ಬಗ್ಗಿದವರು ತಲೆಯೆತ್ತಿ ನೋಡುತ್ತಾರೆ, ಅಂಥ ಗಂಟಲು. ಊರಿಗೆಲ್ಲ ಹೇಳಿ ಮುಗಿಸಿದ್ದೇನೆ. ಹಾಲಿನವಳಿಗೆ ಹೇಳಿದೆ, ಕುಶಾಲನಗರದ ಅಂಗಡಿಯವನಿಗೆ ಹೇಳಿದೆ, ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ ಕಂಡಕ್ಟರಿಗೂ ಹೇಳಿದೆ. ನಾನು ಬಸ್ಸು ಹತ್ತುತ್ತೇನೆ ಅಂತ ಅವನು ಅಂದುಕೊಂಡಿದ್ದ, ಪಾಪ. ಇವತ್ತು ಸಂಜೆ ಹಾಲಿನವಳು ನನ್ನನ್ನು ಕಂಡು ಬೇಲಿಯ ಆ ಕಡೆಯಿಂದ ಹೋದಳು. ಇನ್ನು ಕೇಳುವವರು ಯಾರೂ ಉಳಿದಿಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ಹಾಸನದ ಕಡೆಯ ತೌರೂರಿನಲ್ಲಿ, ಮೂರನೇ ತರಗತಿಯ ತನಕ. ಆಮೇಲೆ ಮಗಳು ಶಾಲೆಗೆ ಹೋಗುವಾಗ ಅವಳ ಪುಸ್ತಕಗಳನ್ನು ಅವಳಿಗಿಂತ ಮೊದಲು ನಾನು ಓದುತ್ತಿದ್ದೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ. ಇಷ್ಟು ಸಂತೋಷ ಇಟ್ಟುಕೊಂಡು ಒತ್ತಕ್ಷರ ನೋಡುವ ತಾಳ್ಮೆ ನನಗಿಲ್ಲ.

ಆದರೆ ಈ ತೊಟ್ಟಿಲಿನ ದಾರಿಗೆ ಇಬ್ಬರು ಜನರಲ್‌ಗಳು ಅಡ್ಡ ಮಲಗಿದ್ದರು. ಅದನ್ನು ಹೇಳದೆ ಬಿಟ್ಟರೆ ನನ್ನ ಹೊಟ್ಟೆಯುರಿ ತಣ್ಣಗಾಗುವುದಿಲ್ಲ.

ನಾವು ಗದ್ದೆ ಮಾಡಲೆಂದು ಕೊಡಗಿಗೆ ಬಂದವರು. ಈ ಗದ್ದೆ ಕೈಗೆ ಸಿಗುವ ತನಕ ಹೊಟ್ಟೆಪಾಡಿಗೆ ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿದ್ದೆವು. ನಾನು ಹಣ್ಣು ಕುಯ್ಯುವ ಕೆಲಸಕ್ಕೆ, ನಮ್ಮನೆಯವರು ದೊರೆಯ ಕುದುರೆ ನೋಡಿಕೊಳ್ಳುವ ಕೆಲಸಕ್ಕೆ. ದೊರೆ ಸೈನ್ಯದಿಂದ ಪೆನ್ಷನ್ ತೆಗೆದುಕೊಂಡು ಬಂದಿದ್ದ ಬಿಳಿಯ ಜನರಲ್. ಬರೀ ಜನರಲ್ ಅಂದರೆ ಅವನ ಮುಖ ಕೆಂಪಾಗುತ್ತಿತ್ತು. ಕುದುರೆ ಪಡೆಯ ಜನರಲ್ ಅನ್ನಬೇಕು. ಪಕ್ಕದ ಗುಡ್ಡದ ಎಸ್ಟೇಟಿನಲ್ಲಿ ಇನ್ನೊಬ್ಬ ಇದ್ದ. ಅವನು ಫಿರಂಗಿ ಪಡೆಯ ಜನರಲ್, ಅದರಲ್ಲೂ ಕುದುರೆಗಳು ಎಳೆದುಕೊಂಡು ಹೋಗುವ ಫಿರಂಗಿಗಳದು. ಅವನ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರೇ ಈಗ ನಮ್ಮ ಬೀಗರು, ಅಂದರೆ ನನ್ನ ಮಗಳ ಮಾವ.

ಇಬ್ಬರು ದೊರೆಗಳನ್ನೂ ನಾನು ಹತ್ತಿರದಿಂದ ಕಂಡವಳು. ಕುದುರೆ ಪಡೆಗೇ ಜನರಲ್ ಆಗಿದ್ದವನ ಹತ್ತಿರ ಇದ್ದದ್ದು ಒಂದು ಮುದಿ ಕುದುರೆ. ಅದರ ಮೇಲೆ ಹತ್ತಿಸಲು ನಮ್ಮನೆಯವರು ಹೆಗಲು ಕೊಡಬೇಕು. ಇಳಿಸಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರೂ ಓಡಿ ಬರಬೇಕು. ಫಿರಂಗಿ ಜನರಲ್‌ಗೆ ಫಿರಂಗಿಯ ಸದ್ದಿನಲ್ಲೇ ಕಿವಿ ಹೋಗಿತ್ತು. ಕೂಲಿ ಲೈನಿನ ಹೆಂಗಸರು ಅವನ ಎದುರಿಗೇ, ನಗುನಗುತ್ತಾ, ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಅವನು ಟೋಪಿ ಎತ್ತಿ "ಗುಡ್, ಗುಡ್" ಅಂದುಕೊಂಡು ಹೋಗುತ್ತಿದ್ದ. ಇಂಥವರ ಮಾತಿಗೆ ಸಾವಿರಾರು ಜನ ಗುಂಡಿಗೆ ಎದೆ ಕೊಟ್ಟರಂತೆ. ನನಗಾದರೆ ಇವರ ಮಾತಿಗೆ ಒಂದು ಬುಟ್ಟಿ ಹಣ್ಣು ಕುಯ್ಯಲೂ ಮನಸ್ಸು ಬರುತ್ತಿರಲಿಲ್ಲ.

ನಮ್ಮನೆಯವರು ದೊರೆಯ ಬಾಯಿಂದ ಬಿದ್ದದ್ದನ್ನೆಲ್ಲ ಮನೆಗೆ ಹೊತ್ತು ತರುತ್ತಿದ್ದರು. ಒಂದು ಸಂಜೆ ರೊಟ್ಟಿ ತಟ್ಟುತ್ತಾ ಕುಳಿತಿದ್ದೆ. ಬಂದವರೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದರು:

"ಜರ್ಮನಿಯೋರೇ ಬುದ್ಧಿವಂತ್ರಂತೆ ಕಣೇ. ಅಲ್ಲಿ ಬರೀ ಜನರಲ್ ಅಂತ ಇಲ್ವಂತೆ. ಪದವಿಯಾಗೇ ಸೇರ್ಸಿ ಹೇಳ್ತಾರಂತೆ. ಕುದುರೆಯ ಜನರಲ್, ಫಿರಂಗಿಯ ಜನರಲ್, ಕಾಲಾಳಿನ ಜನರಲ್ ಅಂತ. ಯಾರು ಯಾವ್ದು ಅಂತ ಕೇಳೋ ಹಂಗೇ ಇಲ್ಲ."

"ಅಷ್ಟು ಬುದ್ಧಿವಂತ್ರು ಯುದ್ಧ ಯಾಕೆ ಸೋತ್ರು?" ಅಂದೆ.

"ನಿಂಗೆ ಅರ್ಥಾಗಕಿಲ್ಲ ಬಿಡು. ನಮ್ಮ ದೊರೆಗಳ ಸೈನ್ಯದಾಗೆ ಎಲ್ಲಾರ್ನೂ ಒಂದೇ ಹೆಸರಲ್ಲಿ ಕರೆದು ಕೆಡಿಸಿದ್ರು. ಅನ್ನ ಬೇಯಿಸಿ ಸಾಗ್ಸೋ ಸಪ್ಲೈಯೋರಿಗೂ ಒಬ್ಬ ಜನರಲ್ ಅವನಂತೆ! ಅವನೂ ಜನರಲ್ಲೇ, ನಮ್ಮ ದೊರೆಯೂ ಜನರಲ್ಲೇ!"

ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ನಾನು ತಟ್ಟಿದ ರೊಟ್ಟಿಗೆ ಕೈ ಚಾಚಿದರು.

ಈ ಇಬ್ಬರು ಜನರಲ್‌ಗಳಿಗೂ ಒಂದು ಹಳೆಯ ವ್ಯಾಜ್ಯ. ಸೈನ್ಯದವರೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲುವಾಗ ಬಲಗಡೆಯ ತುದಿ ಯಾರದು ಅನ್ನುವುದು. ಬಲತುದಿಯೇ ದೊಡ್ಡ ಗೌರವವಂತೆ. ದೊರೆಗಳ ಕಟ್ಟಳೆ ಹೀಗೆ: ಆ ಫಿರಂಗಿಯವರು ತಮ್ಮ ಫಿರಂಗಿಗಳನ್ನು ಜೊತೆಗೆ ತಂದಿದ್ದರೆ ಬಲತುದಿ ಅವರದು. ಫಿರಂಗಿ ಇಲ್ಲದೆ ಬರಿಗೈಯಲ್ಲಿ ಬಂದರೆ ಕುದುರೆಯವರು ಅವರಿಗಿಂತ ಮುಂದೆ. ಸೈನ್ಯ ಬಿಟ್ಟು ಎಷ್ಟೋ ಕಾಲವಾದರೂ ಈ ಮುದುಕರು ಕ್ಲಬ್ಬಿನ ಊಟದ ಮೇಜಿನಲ್ಲಿ ಬಲಗಡೆಯ ಕುರ್ಚಿಗೆ ಪೈಪೋಟಿ ಮಾಡುತ್ತಿದ್ದರು. ಒಬ್ಬನಿಗೆ ಕಾಲು ಏಳದು, ಇನ್ನೊಬ್ಬನಿಗೆ ಕಿವಿ ಕೇಳದು. ಇವನು ಏನಂದ ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ, ಆದರೂ ಜಗಳ ನಿಲ್ಲುತ್ತಿರಲಿಲ್ಲ.

ಅವರು ಒಳಗೆ ಜಗಳವಾಡುವಾಗ ಹೊರಗೆ ವರಾಂಡದಲ್ಲಿ ನಮ್ಮನೆಯವರೂ ಬಟ್ಲರೂ ಕಾಯುತ್ತಾ ಕೂರುತ್ತಿದ್ದರು. ಕೂತೂ ಕೂತೂ ಬೀಡಿ ಹಂಚಿಕೊಂಡು ಸ್ನೇಹಿತರಾದರು. ಬಟ್ಲರ ಮನೆಯವರೂ ನಮ್ಮ ಕಡೆಯವರೇ, ನಮ್ಮ ಜನವೇ. ಅವರ ಹೆಂಡತಿ ಮೊದಲೇ ತೀರಿಹೋಗಿದ್ದರು. ಒಬ್ಬ ಮಗಳು, ಮದುವೆಯಾಗಿ ಮಾದಾಪುರದಲ್ಲೇ ಇದ್ದಾಳೆ, ಒಬ್ಬ ಮಗ. ಆ ಹುಡುಗನಿಗೇ ನಮ್ಮ ಮಗಳನ್ನು ಕೊಟ್ಟೆವು. ಹುಡುಗ ಒಳ್ಳೆಯವನು. ಒಂದೇ ಕೊರತೆ, ಅಪ್ಪ ಕೂತ್ಕೋ ಅಂದರೆ ಕೂರುತ್ತಾನೆ, ಏಳು ಅಂದರೆ ಏಳುತ್ತಾನೆ.

ಮಡಿಕೇರಿಯಲ್ಲಿ ನಮ್ಮವರೇ ಮಂತ್ರಿಗಳಾಗಿ ಕುಳಿತು ಇದು ಕೊಡಗು ರಾಜ್ಯ ಅಂತ ಆದಮೇಲೆ ಇಬ್ಬರು ಜನರಲ್‌ಗಳೂ ಎಸ್ಟೇಟು ಮಾರಿ ಹಡಗು ಹತ್ತಿದರು. ಹೋಗುವಾಗ ನಮ್ಮನೆಯವರಿಗೆ ಹಿತ್ತಾಳೆ ಗುಂಡಿಯ ಒಂದು ಹಳೆಯ ಕೋಟು ಸಿಕ್ಕಿತು. ಬೀಗರಿಗೂ ಏನೋ ಒಂದು ಹಿತ್ತಾಳೆ ಸಾಮಾನು ಸಿಕ್ಕಿತೆಂದು ಕೇಳಿದ್ದೆ. ಆಯಿತಲ್ಲ, ತೊಲಗಿದರು ಅಂದುಕೊಂಡೆ. ಎಲ್ಲಿಯ ತೊಲಗುವುದು! ದೊರೆಗಳು ಹೋದರು, ಬಲತುದಿಯ ವ್ಯಾಜ್ಯವನ್ನು ಮಾತ್ರ ಈ ಇಬ್ಬರ ತಲೆಯೊಳಗೆ ಬಿಟ್ಟು ಹೋದರು. ಒಬ್ಬರೂ ಯುದ್ಧ ಕಂಡವರಲ್ಲ. ಒಬ್ಬರು ಕುದುರೆಯ ಲದ್ದಿ ಬಾಚಿದವರು, ಇನ್ನೊಬ್ಬರು ಸೂಪಿನ ತಟ್ಟೆ ಎತ್ತಿದವರು. ಆದರೆ ಮಾತಿಗೆ ಕೂತರೆ "ನಮ್ಮ ಕುದುರೆ ಪಡೆ" ಅಂತ ಒಬ್ಬರು, "ನಮ್ಮ ಫಿರಂಗಿ ಪಡೆ" ಅಂತ ಇನ್ನೊಬ್ಬರು.

ನಮ್ಮ ಮಗಳು ಬಸುರಿಯಾದಳು. ಸೀಮಂತ ನಮ್ಮ ಮನೆಯಲ್ಲಿ ಮಾಡಿದೆವು. ಇಲ್ಲಿ, ಕುಶಾಲನಗರದ ಹತ್ತಿರ, ಆಗಲೇ ನಮ್ಮದು ಅಂತ ಗದ್ದೆ, ಮನೆ ಆಗಿತ್ತು. ನೆಂಟರೆಲ್ಲ ಬಂದರು. ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಕಿದೆ. ಗಂಡಿನ ಕಡೆಯ ಬೀಗರಿಗೆ ಸಾಲಿನ ಮೊದಲ ಎಲೆ. ಇದು ನಮ್ಮಲ್ಲಿ ಮೊದಲಿಂದ ನಡೆದುಬಂದದ್ದು, ಹೊಸದೇನಲ್ಲ. ನಮ್ಮ ನಡುಮನೆಯಲ್ಲಿ ಸಾಲಿನ ಮೊದಲು ಅಂದರೆ ಬಲತುದಿ. ಬೀಗರು ಹೋಗಿ ಅಲ್ಲಿ ಕೂತರು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಎಲೆಗೆ ನೀರು ಚಿಮುಕಿಸಿಕೊಳ್ಳುತ್ತಾ, ಪಕ್ಕದ ಎಲೆಗೆ ಕೂರಲು ಬಂದ ನಮ್ಮನೆಯವರನ್ನು ನೋಡಿ ಮೀಸೆಯಲ್ಲೇ ನಕ್ಕು ಅಂದರು:

"ನೋಡಿದ್ರಾ ಬೀಗ್ರೇ? ರೈಟ್ ಆಫ್ ದಿ ಲೈನ್, ಬಲತುದಿ. ಕೊನೆಗೂ ಫಿರಂಗಿಯೋರಿಗೇ ಬಂತು."

ನಮ್ಮನೆಯವರು ಅರ್ಧ ಕೂತವರು ಹಾಗೇ ಎದ್ದು ನಿಂತರು.

"ಬೀಗ್ರು ಅಂತ ಕೂತ್ಕೊಳಿ, ಬ್ಯಾಡ ಅಂದೋರ್ಯಾರು? ಫಿರಂಗಿ ಅಂತ ಕೂತ್ಕೋಬ್ಯಾಡಿ."

"ಯಾಕೆ ಕೂತ್ಕೋಬಾರ್ದು?"

"ಎಲ್ಲೈತೆ ಫಿರಂಗಿ? ತಂದಿದ್ದೀರಾ? ಕಟ್ಟಳೆ ನಿಮಗೂ ಗೊತ್ತು. ಫಿರಂಗಿ ಇಲ್ಲದೆ ಬರಿಗೈಯಾಗೆ ಬಂದ್ರೆ ಬಲಗಡೆ ಕುದುರೆಯೋರದು."

"ಹಂಗಾದ್ರೆ ನಿಮ್ಮ ಕುದುರೆ ಎಲ್ಲಿ? ಕೊಟ್ಟಿಗೇಲಿ ಎಮ್ಮೆ ಅಲ್ವಾ ಇರೋದು?"

ನೆಂಟರು ನಕ್ಕರು. ಅದೇ ಕೆಟ್ಟದ್ದಾಯಿತು.

"ನಿಮ್ಮ ಫಿರಂಗಿ ಎಳೆಯೋದ್ಯಾರು? ಕುದುರೆ! ಕುದುರೆ ಇಲ್ದಿದ್ರೆ ನಿಮ್ಮ ಫಿರಂಗಿ ನಿಂತ ಜಾಗದಾಗೇ ತುಕ್ಕು ಹಿಡೀತಿತ್ತು," ಅಂದರು ನಮ್ಮನೆಯವರು.

"ಎಳೆಯೋನು ಆಳು ಬೀಗ್ರೇ. ಎಳೆಸ್ಕೊಳ್ಳೋನು ದೊರೆ."

"ಯಾರನ್ನ ಆಳು ಅಂದ್ರಿ?"

ನಾನು ಅನ್ನದ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. "ಊಟ ಆದ್ಮೇಲೆ ಹೊಡೆದಾಡ್ಕೊಳಿ, ಅನ್ನ ಆರ್ತದೆ," ಅಂದೆ. ಯಾರು ಕೇಳಬೇಕು? ಬೀಗರು ಎಲೆಯ ಮುಂದಿನಿಂದ ಎದ್ದರು. ಬಡಿಸಿದ ಎಲೆಯ ಮುಂದಿನಿಂದ ಬೀಗರು ಉಣ್ಣದೆ ಏಳುವುದೆಂದರೆ ಏನೆಂದು ಓದುವವರಿಗೆ ನಾನು ಹೇಳಬೇಕಾಗಿಲ್ಲ. ಹೊಸಿಲಲ್ಲಿ ನಿಂತು, "ಬಲತುದಿ ನಂದು ಅಂತ ಈ ಮನೆಯೋರು ಒಪ್ಪೋ ತನಕ ನಾನೂ ಬರಲ್ಲ, ನನ್ನ ಮಗನೂ ಬರಲ್ಲ," ಅಂದರು. ಅಳಿಯ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಎದ್ದು ಚಪ್ಪಲಿ ಮೆಟ್ಟಿಕೊಂಡ. ಅವನ ಎಲೆಯಲ್ಲಿ ಪಾಯಸ ಹಾಗೇ ಇತ್ತು. ಮಗಳು ಹಸಿರು ಸೀರೆ ಉಟ್ಟು ಹಸೆಯ ಮೇಲೆ ಕೂತಿದ್ದವಳು, ಬಳೆ ತೊಟ್ಟ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಅವತ್ತು ನನಗೆ ಆ ಇಬ್ಬರು ಜನರಲ್‌ಗಳ ಮೇಲೆ ಬಂದ ತಿರಸ್ಕಾರವನ್ನು ಬರೆಯಲು ನನ್ನ ಮೂರನೇ ತರಗತಿ ಸಾಲದು. ಸಮುದ್ರದಾಚೆ ಎಲ್ಲೋ ಕುಳಿತು ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿರುವವರು, ಇಲ್ಲಿ ನನ್ನ ಮಗಳ ಸೀಮಂತದ ಎಲೆಯಿಂದ ಬೀಗರನ್ನು ಎಬ್ಬಿಸಿದರು. ಅವರಾದರೂ ಜನರಲ್‌ಗಳು, ಸಂಬಳ ತಿಂದು ಮೆರೆದವರು. ಈ ಇಬ್ಬರಿಗೆ ಏನು ರೋಗ? ಯಾರದೋ ಕಾಲಿನ ಬೂಟಿನ ಅಳತೆ ತಮ್ಮ ಕಾಲಿಗೆ ಹಿಡಿದುಕೊಂಡು ನಡೆಯುವ ಗಂಡಸರಿಗೆ ಯಾವ ಔಷಧ ಇದೆ?

ಮಗಳು ಬಾಣಂತನಕ್ಕೆ ಇಲ್ಲೇ ಉಳಿದಳು. ಅತ್ತ ಕಡೆಯಿಂದ ಸುದ್ದಿಯಿಲ್ಲ. ಮಗು ಹುಟ್ಟಿತು. ಹೆಣ್ಣು ಮಗು! ನಾನು ಅಂಗಳದಲ್ಲಿ ಕುಣಿದೆ, ಈ ವಯಸ್ಸಿನಲ್ಲಿ, ಯಾರು ನೋಡಿದರೆ ಏನು. ಹುಟ್ಟಿದ ಮನೆಯವರು ಬೀಗರ ಮನೆಗೆ ಸಕ್ಕರೆ ಕಳಿಸಿ ಸುದ್ದಿ ಮುಟ್ಟಿಸಬೇಕು. ನಮ್ಮನೆಯವರಿಗೆ ಹೇಳಿದೆ.

"ನಾನು ಹೋಗಕಿಲ್ಲ," ಅಂದರು. "ನಾನು ಹೋದ್ರೆ ಕುದುರೆ ಪಡೆ ಸೋತಂಗೆ."

"ಯಾವ ಪಡೆ? ಆ ಕುದುರೆ ಸತ್ತು ಅದರ ಮೇಲೆ ಕಾಫಿ ಗಿಡ ಬೆಳೆದು ಹಣ್ಣು ಬಿಟ್ಟೈತೆ!"

ಅವರು ಎದ್ದು ಹೋಗಿ ಎಮ್ಮೆಯ ಮೈ ತಿಕ್ಕತೊಡಗಿದರು. ಮೊಮ್ಮಗಳನ್ನು ಎತ್ತಿಕೊಂಡರೆ ಮಾತ್ರ ಮುಖ ಅರಳುತ್ತಿತ್ತು. ಇಳಿಸಿದ ಕೂಡಲೇ ಮತ್ತೆ ಕಲ್ಲು. ಕೊನೆಗೆ ನಾನೇ ಆ ಕಡೆಗೆ ಹೋಗುವವರ ಕೈಯಲ್ಲಿ ಸಕ್ಕರೆ ಕಳಿಸಿದೆ.

ಒಂದು ಸಂತೆಯ ದಿನ ನಮ್ಮ ಬಾಗಿಲಲ್ಲಿ ಅಳಿಯನ ಅಕ್ಕ ಬಂದು ನಿಂತಳು. ಅಪ್ಪನಿಗೆ ಹೇಳದೆ, ಕುಶಾಲನಗರದ ಸಂತೆಯ ನೆಪ ಮಾಡಿಕೊಂಡು ಬಂದಿದ್ದಳು. ಮಗುವನ್ನು ಮಡಿಲಿಗೆ ಹಾಕಿಕೊಂಡು ಕೂತವಳು ಏಳಲೇ ಇಲ್ಲ. ಬಾಯಿ ಜೋರು, ಮನಸ್ಸು ಬಂಗಾರ.

"ಅತ್ತೆ, ನಮ್ಮಪ್ಪ ಸಕ್ಕರೆ ಬಾಯಿಗೆ ಹಾಕ್ಕೊಂಡ್ರು, ಆದ್ರೆ ನಗಲಿಲ್ಲ. ನನ್ನ ತಮ್ಮ ಮೂಲೇಲಿ ಕೂತು ಮೂಗು ಒರೆಸ್ಕೊಂತಾನೆ. ಹೋಗೋ ಅಂದ್ರೆ ಅಪ್ಪ ಹೇಳ್ಲಿ ಅಂತಾನೆ. ನಂಗಂತೂ ಈ ಗಂಡಸ್ರು ಸಾಕಾಗಿ ಹೋದ್ರು."

ಒಳಗಿನಿಂದ ಬಾಣಂತಿ ಕೇಳಿಸಿಕೊಳ್ಳುತ್ತಿದ್ದಳು. "ಅವ್ವ," ಅಂದಳು, ಸಣ್ಣ ದನಿಯಲ್ಲಿ. "ತೊಟ್ಟಿಲ ದಿನಾನೂ ಅವ್ರು ಬರ್ದಿದ್ರೆ, ನಾನೂ ಮಗೂನೂ ಇಲ್ಲೇ ಇರೋದಾ?"

ಅದೇ ಮಾತು ನನ್ನ ಎದೆಯಲ್ಲೂ ಕಲ್ಲಾಗಿ ಕೂತಿತ್ತು. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಗಂಡಿನ ಮನೆಯವರು ಬಂದು ನಿಂತು ಹೆಸರಿಟ್ಟರೆ ಆ ಮಗು ಆ ಮನೆಯದು. ಬರದಿದ್ದರೆ ಜನ ಏನೆಂದು ಮಾತಾಡುತ್ತಾರೆ, ಎಷ್ಟು ಕಾಲ ಮಾತಾಡುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲವೇ? ಗಂಡ ಬಿಟ್ಟವಳು ಅನ್ನುತ್ತಾರೆ. ಬಾಳೆಲೆಗಾಗಿ ಬಿಟ್ಟ ಅಂತ ಯಾರೂ ಹೇಳುವುದಿಲ್ಲ, ಇವಳಲ್ಲೇ ಏನೋ ಇರಬೇಕು ಅನ್ನುತ್ತಾರೆ.

ನನ್ನ ತಾಳ್ಮೆ ಹರಿಯಿತು.

"ಹೋಗಿ ನಿಮ್ಮಪ್ಪಂಗೆ ಹೇಳು ಕಣವ್ವ," ಅಂದೆ. "ಬಲಗಡೆ ಎಲೆ ಬೇಕಾ? ಫಿರಂಗಿ ತಗೊಂಡು ಬರ್ಲಿ. ತಂದ್ರೆ ಬಲಗಡೆ ಎಲೆ ನಾನೇ ಹಾಕ್ತೀನಿ, ನನ್ನ ಗಂಡ ಏನಾದ್ರೂ ಅಂದ್ಕೊಳ್ಳಲಿ. ಫಿರಂಗಿ ತನ್ನಿ, ಊಟ ಮಾಡಿ! ಹಿಂಗೇ ಹೇಳು. ಒಂದು ಮಾತು ಬಿಡಬ್ಯಾಡ."

ಅವಳು ಮಗುವಿನ ಮೇಲೆ ಬಗ್ಗಿ ಬಿದ್ದುಬಿದ್ದು ನಕ್ಕಳು. "ಹೇಳ್ತೀನಿ ಅತ್ತೆ. ಹಿಂಗೇ ಹೇಳ್ತೀನಿ."

ನಾನು ಹೇಳಿದ್ದು ಉಗಿದ ಹಾಗೆ. ಯಾವ ಮನುಷ್ಯನಿಗಾದರೂ ಮುಖಕ್ಕೆ ಹೊಡೆದ ಹಾಗೆ ಆಗಬೇಕಾದ ಮಾತು. ಹೇಳಿದ ಮೇಲೆ ಭಯವೂ ಆಯಿತು. ಇನ್ನು ಸಂಬಂಧ ಪೂರಾ ಹರಿದೇ ಹೋಯಿತೇನೋ ಅಂತ ತೊಟ್ಟಿಲ ದಿನದ ತನಕ ನನಗೆ ಅನ್ನ ಸರಿಯಾಗಿ ಇಳಿಯಲಿಲ್ಲ.

ನಿನ್ನೆ ಬೆಳಿಗ್ಗೆ ಎದ್ದು ಸಾರಿಸಿ ರಂಗೋಲಿ ಹಾಕಿದೆ. ತೊಲೆಗೆ ಹಗ್ಗ ಬಿಗಿದು ತೊಟ್ಟಿಲು ತೂಗುಹಾಕಿದೆವು. ನಮ್ಮನೆಯವರು ಹಿತ್ತಾಳೆ ಗುಂಡಿಯ ಕೋಟು ಹಾಕಿಕೊಂಡು ಜಗಲಿಯಲ್ಲಿ ಕೂತರು. ರಸ್ತೆಯ ಕಡೆಗೆ ಬೆನ್ನು. ಆದರೆ ಯಾವ ಬಸ್ಸಿನ ಸದ್ದು ಕೇಳಿದರೂ ಕುತ್ತಿಗೆ ಮಾತ್ರ ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. "ಕುತ್ತಿಗೆ ಉಳುಕೀತು, ಸೀದಾ ತಿರುಗಿ ಕೂತ್ಕೊಳಿ," ಅಂದೆ. "ನಾನ್ಯಾಕೆ ಆ ಕಡೆ ನೋಡ್ಲಿ," ಅಂದರು. ಮಗಳು ಹೊಸ ಸೀರೆ ಉಟ್ಟು ಕಿಟಕಿಯ ಹತ್ತಿರ ಕೂತಿದ್ದಳು. ಅಕ್ಕಪಕ್ಕದ ಹೆಂಗಸರು ಬಂದು ಸೇರಿದರು. ಅವರ ಕಣ್ಣೆಲ್ಲ ತೊಟ್ಟಿಲ ಮೇಲಿರಲಿಲ್ಲ, ಬಾಗಿಲ ಮೇಲಿತ್ತು.

ಸುಂಟಿಕೊಪ್ಪದ ಕಡೆಯಿಂದ ಬಸ್ಸು ಬಂತು. ನಿಂತಿತು. ಮೊದಲು ಇಳಿದವಳು ಅಳಿಯನ ಅಕ್ಕ, ತಲೆ ಮೇಲೆ ಬುಟ್ಟಿ. ಆಮೇಲೆ ಅಳಿಯ, ಕೈಯಲ್ಲಿ ಮಗುವಿನ ಬಟ್ಟೆಯ ಗಂಟು. ಇಳಿದವನು ಅಪ್ಪನಿಗೆ ಕಾಯದೆ ಸೀದಾ ನಮ್ಮ ಮನೆ ಕಡೆ ಹೆಜ್ಜೆ ಹಾಕಿದ, ದೇವರು ಅವನಿಗೆ ಅಷ್ಟಾದರೂ ಬುದ್ಧಿ ಕೊಟ್ಟ. ಕೊನೆಗೆ ಬೀಗರು. ಬಿಳಿ ಕೋಟು, ಪೇಟ, ಎರಡು ಕೈಯಲ್ಲೂ ಎದೆಯ ಹತ್ತಿರ ಹಿಡಿದ ಒಂದು ಬಿಳಿ ಟವೆಲಿನ ಗಂಟು. ದೇವರ ವಿಗ್ರಹ ಹೊತ್ತು ತರುವವರ ಹಾಗೆ, ಕಲ್ಲು ಎಡವದಂತೆ ನೋಡಿ ನೋಡಿ ಹೆಜ್ಜೆಯಿಡುತ್ತಾ ಬಂದರು.

ಜಗಲಿಯ ಮುಂದೆ ನಿಂತು, ನಮ್ಮನೆಯವರ ಕಡೆ ನೋಡದೆ, ನನಗೆ ಹೇಳಿದರು:

"ಬೀಗಿತ್ತಮ್ಮನೋರೇ, ಮರ್ಯಾದೆಯಾಗಿ ಹೇಳಿ ಕಳಿಸಿದ್ರಿ. ಇಷ್ಟು ಜನದಲ್ಲಿ ಕಟ್ಟಳೆ ಗೊತ್ತಿರೋರು ನೀವೊಬ್ರೇ. ತಂದಿದ್ದೀನಿ."

ಟವೆಲು ಬಿಚ್ಚಿದರು. ಒಳಗೆ ಒಂದು ಹಿತ್ತಾಳೆ ಫಿರಂಗಿ. ನಮ್ಮ ಅಡುಗೆಮನೆಯ ಕುಟ್ಟಾಣಿಯಷ್ಟು ಉದ್ದ, ಎರಡು ಚಕ್ರ, ಅದರಲ್ಲಿ ಒಂದು ಅಲ್ಲಾಡುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದರು.

ನಾನು ಮುಖಕ್ಕೆ ಉಗಿದಿದ್ದೆ, ಅವರು ಅದನ್ನು ತೀರ್ಥದ ಹಾಗೆ ಕಣ್ಣಿಗೊತ್ತಿಕೊಂಡು ಬಂದಿದ್ದರು! ಅಳಿಯನ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ಬೇರೆ ಕಡೆ ನೋಡುತ್ತಿದ್ದಳು.

ಇನ್ನು ನಮ್ಮನೆಯವರು ನಗುತ್ತಾರೆ, ಇವರು ತಿರುಗಿ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನಮ್ಮನೆಯವರು ನಗಲಿಲ್ಲ. ಜಗಲಿ ಇಳಿದು ಬಂದು, ಕೈ ಹಿಂದೆ ಕಟ್ಟಿಕೊಂಡು, ಕೊಳ್ಳುವ ಎತ್ತನ್ನು ನೋಡುವ ಹಾಗೆ ಫಿರಂಗಿಯ ಸುತ್ತ ಬಂದರು.

"ಎಲ್ಲಿದು?"

"ನಮ್ಮ ದೊರೆಗಳ ಮೇಜಿನ ಮೇಲಿದ್ದದ್ದು. ಕಾಗದ ಹಾರದಂಗೆ ಇಡೋದು. ಹೋಗೋವಾಗ ಕೈಯಾರೆ ಕೊಟ್ರು."

"ಗುಂಡು ಹಾರ್ತದಾ?"

"ಬಾಯಿ ಐತೆ, ಚಕ್ರ ಐತೆ. ಫಿರಂಗಿ ಅನ್ನೋಕೆ ಇನ್ನೇನು ಬೇಕು?"

ನಮ್ಮನೆಯವರು ಬಗ್ಗಿ ಬಾಯಿಯೊಳಗೆ ಬೆರಳು ಹಾಕಿ ನೋಡಿದರು. ಅಲ್ಲಾಡುವ ಚಕ್ರವನ್ನು ತಿರುಗಿಸಿದರು. ಕಿಟಕಿಯಲ್ಲಿ ಮಗಳ ಮುಖ. ನನಗೆ ಆ ಗಳಿಗೆಯಲ್ಲಿ ಹಿತ್ತಾಳೆ ಕಾಣಲಿಲ್ಲ, ಆ ಮುಖ ಮಾತ್ರ ಕಂಡಿತು.

"ಕಟ್ಟಳೆ ಕಟ್ಟಳೆಯೇ," ಅಂದರು ನಮ್ಮನೆಯವರು ಕೊನೆಗೆ, ತೀರ್ಪು ಕೊಡುವವರ ಹಾಗೆ. "ಫಿರಂಗಿ ಮೈದಾನಕ್ಕೆ ಬಂದ್ಮೇಲೆ ಬಲಗಡೆ ನಿಮ್ದೇ ಬೀಗ್ರೇ. ಕುದುರೆಯೋರು ಮಾತಿಗೆ ತಪ್ಪಕಿಲ್ಲ. ಬನ್ನಿ, ಕಾಲು ತೊಳ್ಕೊಳಿ."

ಛೆ, ಇಂಥ ಇಬ್ಬರನ್ನು ಹೆತ್ತ ತಾಯಂದಿರು ಸ್ವರ್ಗದಲ್ಲಿ ತಲೆ ಚಚ್ಚಿಕೊಂಡಿರಬೇಕು. ಕಾಗದದ ಮೇಲಿಡುವ ಆಟದ ಸಾಮಾನಿಗೆ ಒಬ್ಬರು ಪೇಟ ಸುತ್ತಿಕೊಂಡು ಬಂದರು, ಇನ್ನೊಬ್ಬರು ಅದಕ್ಕೆ ಪರೀಕ್ಷೆ ಮಾಡಿ ಪಾಸು ಕೊಟ್ಟರು. ನಾನು ಕಾಲು ತೊಳೆಯುವ ನೀರಿನ ಚೊಂಬನ್ನು ಕೊಟ್ಟು ಒಳಗೆ ಹೋಗಿ, ಪಾತ್ರೆಗಳ ಮಧ್ಯೆ ಕೂತು, ಅತ್ತೆನೋ ನಕ್ಕೆನೋ ನನಗೇ ಗೊತ್ತಿಲ್ಲ.

ಆಮೇಲೆ ನಡೆದದ್ದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಸೋದರತ್ತೆ ಮೊಮ್ಮಗಳನ್ನು ತೊಟ್ಟಿಲ ಮೇಲಿಂದ, ಕೆಳಗಿಂದ ದಾಟಿಸಿ ಮಲಗಿಸಿದಳು, ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರು ಜೋಗುಳ ಹಾಡಿದರು. ಅಳಿಯ ತೊಟ್ಟಿಲ ಹಗ್ಗ ಹಿಡಿದು ನಿಂತವನು ಬಿಡಲೊಲ್ಲ. ಕಣ್ಣಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಹಗ್ಗ ಬಿಡಬೇಕಲ್ಲ, ಅದಕ್ಕೇ ಒರೆಸಿಕೊಳ್ಳಲಿಲ್ಲ. ಮಗಳು ಅವನನ್ನು ಗದರಿದಳು, "ಮೆಲ್ಲಗೆ ತೂಗಿ, ಏನು ಬಾವಿಯಿಂದ ನೀರು ಸೇದ್ತಾ ಇದ್ದೀರಾ?" ಅಂತ. ಅವಳ ದನಿ ಕೇಳಿ ನನಗೆ ಜೀವ ಬಂತು. ಸೀಮಂತದ ದಿನದಿಂದ ಅವಳು ಯಾರನ್ನೂ ಗದರಿರಲಿಲ್ಲ.

ಇಬ್ಬರು ಮುದುಕರೂ ತೊಟ್ಟಿಲಿಗೆ ಮುಖವಿಟ್ಟುಕೊಂಡು ನಿಂತರು. ಮಗು ತಲೆ ಒಂದು ಕಡೆಗೆ ಹೊರಳಿಸಿತು.

"ನೋಡಿದ್ರಾ, ಬಲಗಡೆ ತಿರುಗಿದ್ಲು!" ಅಂದರು ಬೀಗರು.

"ಹಸಿವಾದ್ರೆ ಎಡಗಡೆಗೂ ತಿರುಗ್ತಾಳೆ ಬಿಡಿ," ಅಂದರು ನಮ್ಮನೆಯವರು.

ಮಗು ಎರಡು ಕಡೆಯೂ ಬಿಟ್ಟು ಮೇಲೆ ನೋಡಿ ಕಿರುಚಿಕೊಂಡಿತು. ಇಬ್ಬರೂ ಬೆಚ್ಚಿ ಹಿಂದೆ ಸರಿದರು. ಜಾಣೆ ನನ್ನ ಮೊಮ್ಮಗಳು.

ಬಂದವರು ತಾಂಬೂಲ ತೆಗೆದುಕೊಂಡು ಹೋದರು. ಸಂಜೆಯ ಊಟಕ್ಕೆ ಮನೆಯವರಷ್ಟೇ. ಒತ್ತು ಶ್ಯಾವಿಗೆ ಮಾಡೋಣ ಅಂತ ಅಕ್ಕಿಹಿಟ್ಟಿನ ಉಂಡೆ ಬೇಯಿಸಿದ್ದೆ. ನಮ್ಮದು ತೌರಿನಿಂದ ತಂದ ಹಳೆಯ ಮರದ ಒರಳು. ಉಂಡೆ ಹಾಕಿ, ಮೇಲಿನ ಉದ್ದನೆಯ ಮರವನ್ನು ಇಬ್ಬರು ಮೈಭಾರ ಬಿಟ್ಟು ಒತ್ತಿದರೆ ಮಾತ್ರ ಎಳೆ ಇಳಿಯುತ್ತದೆ. ಒಬ್ಬರಿಂದ ಆಗುವುದಿಲ್ಲ. ಅಳಿಯ ಎದ್ದ. ನಾನು ಕೂರಿಸಿದೆ.

"ನೀನು ತೊಟ್ಟಿಲು ತೂಗಪ್ಪ. ಇಲ್ಲಿ ಇಬ್ರು ದೊಡ್ಡ ಪಡೆಯೋರು ಸುಮ್ನೆ ಕೂತವ್ರೆ, ಅವರು ಬರ್ಲಿ."

ಬಂದರು. ಕೋಟು ಬಿಚ್ಚಿದರು. ಮರದ ಎರಡು ಪಕ್ಕದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಿ ತೆರೆಯುವ ಮೊದಲೇ ಹೇಳಿದೆ:

"ಇಲ್ಲಿ ಬಲ ಎಡ ಇಲ್ಲ. ಭಾರ ಬಿಡಿ. ಉಂಡೆ ಆರಿದ್ರೆ ಇಬ್ರಿಗೂ ಊಟ ಇಲ್ಲ."

ಒತ್ತಿದರು. ಮರ ಕಿರ್ ಅಂದಿತು. ಬೀಗರ ಪೇಟ ಒರಳಿನ ಮೇಲೆ ಬೀಳುವುದರಲ್ಲಿತ್ತು, ನಮ್ಮನೆಯವರೇ ಒಂದು ಕೈಯಲ್ಲಿ ಹಿಡಿದು ಮೊಳೆಗೆ ನೇತುಹಾಕಿದರು. "ನಿಧಾನ ಬೀಗ್ರೇ, ನಿಮ್ಮ ಸೊಂಟ." "ನನ್ನ ಸೊಂಟ ಸರಿ ಐತೆ, ನಿಮ್ಮ ಉಸಿರು ನೋಡ್ಕೊಳಿ." ಕೆಳಗೆ ಹರಡಿದ ಬಟ್ಟೆಯ ಮೇಲೆ ಬಿಳಿಯ ಎಳೆ ಸುರುಳಿ ಸುರುಳಿಯಾಗಿ ಇಳಿಯಿತು. ಸಪ್ಲೈಯವರ ಜನರಲ್ ಅಂತ ಹೊಟ್ಟೆ ಹಿಡಿದು ನಕ್ಕಿದ್ದ ನಮ್ಮನೆಯವರೂ, ಜೊತೆಗೆ ಬೀಗರೂ ಬೆವರು ಸುರಿಸಿ ಅಡುಗೆ ಮಾಡುವುದನ್ನು ನಾನು ಮಣೆ ಹಾಕಿಕೊಂಡು ಕೂತು ನೋಡಿದೆ.

ನಡುಮನೆಯಲ್ಲಿ ಎಲೆ ಹಾಕಿದೆ. ಗಂಡಸರು ಮೊದಲು ಹೆಂಗಸರು ಆಮೇಲೆ ಅನ್ನುವುದನ್ನು ನಿನ್ನೆಯೊಂದು ದಿನ ತೆಗೆದಿಟ್ಟೆ. ಎಲ್ಲರೂ ಒಟ್ಟಿಗೆ. ಬಲತುದಿಯಲ್ಲಿ ಫಿರಂಗಿ, ಅದರ ಪಕ್ಕ ಬೀಗರು, ಆಮೇಲೆ ನಮ್ಮನೆಯವರು, ಅಳಿಯ, ಅವನ ಅಕ್ಕ, ತೊಟ್ಟಿಲಿಗೆ ಕೈ ಎಟುಕುವ ಹಾಗೆ ಬೆಚ್ಚಗೆ ಹೊದ್ದು ಕೂತ ಮಗಳು, ಅವಳಿಗೆ ಮಾತ್ರ ಮೆಣಸಿನ ಸಾರು ಅನ್ನ. ಎಡತುದಿಯ ಎಲೆ ನನ್ನದು, ಪಾತ್ರೆಗಳೆಲ್ಲ ಅಲ್ಲೇ ಇದ್ದವು. ಎಡತುದಿ ಯಾವ ಪಡೆಯದು ಅಂತ ನಾನು ಕೇಳಲಿಲ್ಲ.

ಬೀಗರು ಎಲೆಯ ತುಂಬ ಶ್ಯಾವಿಗೆ ಹಾಕಿಸಿಕೊಂಡರು. ಕಾಯಿಹಾಲು ಸಾಲದೆ ಅತ್ತ ಇತ್ತ ನೋಡಿದರು. ನನ್ನ ಬಾಯಿ ತುಂಬಿತ್ತು. ನಮ್ಮನೆಯವರು ಪಾತ್ರೆ ಎಳೆದುಕೊಂಡು, ಅರ್ಧ ಎದ್ದು, ಫಿರಂಗಿಗೆ ತಾಗದ ಹಾಗೆ ಕೈ ಬಳಸಿ ಅವರ ಎಲೆಗೆ ಬಗ್ಗಿಸಿದರು. ಒಂದು ತೊಟ್ಟು ಫಿರಂಗಿಯ ಮೇಲೆ ಬಿತ್ತು. ಬೀಗರು ಅದನ್ನು ಬೆರಳಲ್ಲಿ ಒರೆಸಿ, ಬೆರಳು ನೆಕ್ಕಿಕೊಂಡು, "ಇನ್ನೊಂಚೂರು ಹಾಕಿ," ಅಂದರು.